ಶಿಕಾಗೋ ಕಾರ್ಮಿಕರು ಬಂದೂಕು ಹಿಡಿದದ್ದು ಸರಿಯೇ? ಪರ – ವಿರೋಧ

1875ರಲ್ಲಿ ಶಿಕಾಗೋ ನಗರದ ಜರ್ಮನ್ ವಲಸೆ ಕಾರ್ಮಿಕರು ‘ಲೇರ್ ಉಂಡ್ ವೇರ್ ಫೆರೈನ್’, ಅಂದರೆ ಬೋಧನೆ ಮತ್ತು ರಕ್ಷಣೆಯ ಸಂಘ, ಎಂಬ ಸ್ವಯಂಸೇವಕ ಸಶಸ್ತ್ರ ದಳವನ್ನು ಕಟ್ಟಿಕೊಂಡರು. ಅವರು ಮಾಡಿದ್ದು ಸರಿಯೇ ಎಂಬ ಪ್ರಶ್ನೆಗೆ ಇಬ್ಬರು ಉತ್ತರಿಸಿದ್ದಾರೆ.

ಪರ: ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರೊಬ್ಬರು

ಸಂಪಾದಕರು ಪರ ವಹಿಸಿ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಜನಸಾಮಾನ್ಯರು ಹೆಗಲ ಮೇಲೆ ಬಂದೂಕು ಹೊತ್ತು ಬೀದಿಯಲ್ಲಿ ಕವಾಯತು ಮಾಡುವುದು ನನಗೂ ಹಿಡಿಸುವ ನೋಟವಲ್ಲ. ಆದರೆ 1870ರ ದಶಕದ ಶಿಕಾಗೋದಲ್ಲಿ ಹಾಗೆ ಕವಾಯತು ಮಾಡುತ್ತಿದ್ದವರು ಈ ಬಡಗಿಗಳು, ಚುರುಟು ಸುತ್ತುವವರು, ಕುರ್ಚಿ ಮೇಜು ಮಾಡುವವರು ಮಾತ್ರ ಅಲ್ಲ. ಅವರಿಗಿಂತ ಮೊದಲು ಶುರುಮಾಡಿದವರು ಊರಿನ ಸಾಹುಕಾರರು.

1873ರಲ್ಲಿ ಅಮೆರಿಕದ ಬ್ಯಾಂಕುಗಳು ಮುಳುಗಿದವು, ಕಾರ್ಖಾನೆಗಳು ಮುಚ್ಚಿದವು. ಕೆಲಸ ಕಳೆದುಕೊಂಡವರು ಆ ಚಳಿಗಾಲದಲ್ಲಿ ಮೆರವಣಿಗೆ ಹೊರಟು ನಗರಸಭೆಯ ಮುಂದೆ ರೊಟ್ಟಿ ಅಥವಾ ಕೆಲಸ ಕೊಡಿ ಎಂದರು. ಮರುವರ್ಷವೇ ವ್ಯಾಪಾರಿಗಳ ಬೆಂಬಲದಿಂದ ‘ಫಸ್ಟ್ ರೆಜಿಮೆಂಟ್’ ಎಂಬ ಸ್ವಯಂಸೇವಕ ಪಡೆ ಹುಟ್ಟಿತು. ಹೆಸರಿಗೆ ರಾಜ್ಯದ ಪಡೆ, ಹಣ ವರ್ತಕರದ್ದು. ಆ ಪಡೆ ಯಾರನ್ನು ಎದುರಿಸಲು ಎಂದು ಕಾರ್ಮಿಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದಾದ ಮೇಲೆ, 1875ರಲ್ಲಿ, ಇವರ ಸಂಘ ಹುಟ್ಟಿತು. ಅದೂ ಕಳ್ಳತನದಿಂದಲ್ಲ. ಇಲಿನಾಯ್ ರಾಜ್ಯದ ಕಾನೂನಿನ ಪ್ರಕಾರವೇ ನೋಂದಣಿ ಮಾಡಿಸಿದರು. ಸದಸ್ಯರ ಬುದ್ಧಿ ಮತ್ತು ದೇಹವನ್ನು ಬೆಳೆಸಿ ಅವರನ್ನು ಗಣರಾಜ್ಯದ ಪೌರರ ಕರ್ತವ್ಯಕ್ಕೆ ಅಣಿಗೊಳಿಸುವುದು ಉದ್ದೇಶ ಎಂದು ದಾಖಲೆಯಲ್ಲಿ ಬರೆಸಿದರು. ನೀಲಿ ಅಂಗಿ, ಬಿಳಿ ಪ್ಯಾಂಟು, ಕಪ್ಪು ಟೋಪಿ ಅವರ ಸಮವಸ್ತ್ರ. ಭಾನುವಾರದ ವನಭೋಜನಗಳಿಗೆ, ಮೆರವಣಿಗೆಗಳಿಗೆ ಕಾವಲು ನಿಲ್ಲುವುದು ಅವರ ಮುಖ್ಯ ಕೆಲಸವಾಗಿತ್ತು.

1877ರ ಜುಲೈಯಲ್ಲಿ ರೈಲ್ವೆ ಮುಷ್ಕರ ಶಿಕಾಗೋಕ್ಕೂ ಹಬ್ಬಿತು. ಜುಲೈ 26ರಂದು ಪೀಠೋಪಕರಣ ತಯಾರಿಸುವ ಕಾರ್ಮಿಕರು ಪಶ್ಚಿಮ ಹನ್ನೆರಡನೇ ಬೀದಿಯ ಟರ್ನರ್ ಸಭಾಂಗಣದಲ್ಲಿ ಸೇರಿದ್ದರು. ಒಳಗೆ ನಡೆಯುತ್ತಿದ್ದುದು ಕೂಲಿ ಮತ್ತು ಕೆಲಸದ ಅವಧಿಯ ಮಾತುಕತೆ. ಪೊಲೀಸರು ಬಾಗಿಲು ನುಗ್ಗಿ ಲಾಠಿ ಬೀಸಿದರು, ಗುಂಡು ಹಾರಿಸಿದರು. ಒಬ್ಬ ಬಡಗಿ ಸತ್ತ. ಆ ದಿನಗಳ ಗಲಭೆಯಲ್ಲಿ ನಗರದಲ್ಲಿ ಒಟ್ಟು ಸುಮಾರು 30 ಮಂದಿ ಸತ್ತರು, ಅವರಲ್ಲಿ ಒಬ್ಬನೂ ಪೊಲೀಸನಲ್ಲ. ಅನಂತರ ವರ್ತಕರ ನಾಗರಿಕ ಸಂಘ ಚಂದಾ ಎತ್ತಿ ತೋಪುಗಳನ್ನು, ಗ್ಯಾಟ್ಲಿಂಗ್ ಬಂದೂಕನ್ನು, ರೈಫಲ್‌ಗಳನ್ನು ಪೊಲೀಸರಿಗೆ ಕೊಂಡು ಕೊಟ್ಟಿತು. ಸಭಾಂಗಣದಲ್ಲಿ ಪೆಟ್ಟು ತಿಂದವರ ಪೈಕಿ ಕೆಲವರು ನೀಲಿ ಅಂಗಿ ತೊಟ್ಟರೆ ಆಶ್ಚರ್ಯವೇನಿದೆ?

ಮತ ಹಾಕಬಹುದಿತ್ತಲ್ಲ ಎನ್ನುತ್ತಾರೆ. ಹಾಕಿದರು. 1879ರಲ್ಲಿ ಅವರ ಸಮಾಜವಾದಿ ಕಾರ್ಮಿಕ ಪಕ್ಷದ ಮೇಯರ್ ಅಭ್ಯರ್ಥಿ ಡಾ. ಅರ್ನ್ಸ್ಟ್ ಶ್ಮಿಟ್ ಅವರಿಗೆ ಸುಮಾರು 12,000 ಮತ ಬಿತ್ತು. 1880ರಲ್ಲಿ ಅವರ ನಗರಸಭಾ ಸದಸ್ಯ ಫ್ರಾಂಕ್ ಸ್ಟೌಬರ್ ಮತ್ತೆ ಗೆದ್ದಾಗ ಮತಗಟ್ಟೆಯ ಅಧಿಕಾರಿಗಳೇ ಎಣಿಕೆಯನ್ನು ತಿದ್ದಿ ಸೋಲಿಸಿದರು. ತಿದ್ದಿದವರಿಗೆ ಶಿಕ್ಷೆಯೂ ಆಗಲಿಲ್ಲ. ಸಭೆ ಸೇರಿದರೆ ಗುಂಡು, ಮತ ಹಾಕಿದರೆ ಮೋಸ. ಉಳಿದ ದಾರಿ ಯಾವುದು?

ವಿರೋಧಿಸುವವರು ಗಾಂಧೀಜಿಯ ಹೆಸರು ತೆಗೆಯುವುದು ಖಂಡಿತ. ಈ ಸಂಘ ಹುಟ್ಟಿದಾಗ ಗಾಂಧೀಜಿಗೆ ಆರು ವರ್ಷವೂ ತುಂಬಿರಲಿಲ್ಲ.

ಆ ಕಾಲದ ನಮ್ಮ ಕಡೆಯ ಸ್ಥಿತಿಯನ್ನೂ ನೋಡಬಹುದು. 1868ರಲ್ಲಿ ಬೆಂಗಳೂರು ದಂಡಿನಲ್ಲಿ ರೈಫಲ್ ಸ್ವಯಂಸೇವಕರ ಪಡೆ ಆರಂಭವಾಯಿತು. ಯುರೋಪಿಯನ್ನರಿಗೆ, ಆಂಗ್ಲೋ ಇಂಡಿಯನ್ನರಿಗೆ ಅಲ್ಲಿ ಸ್ವಾಗತ, ಪೇಟೆಯ ಕನ್ನಡಿಗನಿಗೆ ಇಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆ ಬಿಳಿಯರಿಗೆ ವಿನಾಯಿತಿ ಕೊಟ್ಟು ನಮ್ಮವರಿಗೆ ಪರವಾನಗಿಯ ಕಟ್ಟುಪಾಡು ಹಾಕಿತು. 1880ರ ದಶಕದಲ್ಲಿ ಹೊಸದಾಗಿ ಹುಟ್ಟಿದ ಕಾಂಗ್ರೆಸ್ಸಿನ ಬೇಡಿಕೆಗಳಲ್ಲಿ ಭಾರತೀಯರನ್ನೂ ಸ್ವಯಂಸೇವಕ ಪಡೆಗೆ ಸೇರಿಸಿಕೊಳ್ಳಿ ಎಂಬುದೂ ಒಂದು. ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಗೆ ಕೊಡದಿದ್ದಾಗ ಕೇಳುವುದು ತಪ್ಪು ಎಂದು ನಮ್ಮ ಹಿರಿಯರಿಗೆ ಅನ್ನಿಸಿರಲಿಲ್ಲ.

1879ರಲ್ಲಿ ಇಲಿನಾಯ್ ಶಾಸನಸಭೆ ರಾಜ್ಯಪಾಲರ ಪರವಾನಗಿ ಇಲ್ಲದೆ ಯಾರೂ ಆಯುಧದೊಂದಿಗೆ ಕವಾಯತು ಮಾಡಬಾರದೆಂದು ಕಾಯ್ದೆ ತಂದಿತು. ಫಸ್ಟ್ ರೆಜಿಮೆಂಟಿಗೆ ಅದರಿಂದ ಒಂದು ದಿನದ ತೊಂದರೆಯೂ ಆಗಲಿಲ್ಲ. ಆ ಸೆಪ್ಟೆಂಬರ್‌ನಲ್ಲಿ ಇದೇ ಸಂಘದ ಹರ್ಮನ್ ಪ್ರೆಸರ್ ಕುದುರೆ ಏರಿ, ಕತ್ತಿ ಹಿಡಿದು, ರೈಫಲ್ ಹೊತ್ತ ಸುಮಾರು 400 ಮಂದಿಯನ್ನು ಮುನ್ನಡೆಸಿದ. ಬಿದ್ದ ದಂಡ 10 ಡಾಲರ್. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದಾಗ ಅವನ ಪರ ನಿಂತವರು ಲೈಮನ್ ಟ್ರಂಬಲ್. ಗುಲಾಮಗಿರಿಯನ್ನು ಕೊನೆಗಾಣಿಸಿದ 13ನೇ ತಿದ್ದುಪಡಿಯನ್ನು ಸೆನೆಟ್ಟಿನಲ್ಲಿ ಮುಂದಿಟ್ಟ ಸಮಿತಿಯ ಅಧ್ಯಕ್ಷರು ಅವರೇ. ಅಂಥವರು ಪುಂಡರ ವಕಾಲತ್ತು ವಹಿಸಿದರೆಂದು ನಂಬುವುದು ಕಷ್ಟ.

ನನ್ನ ಪಾಲಿನ ವಾದ ಇಷ್ಟು.

ವಿರೋಧ: ತಾಲ್ಲೂಕು ನ್ಯಾಯಾಲಯದ ವಕೀಲರೊಬ್ಬರು

ಎದುರು ಲೇಖನವನ್ನು ಸಂಪಾದಕರು ಮೊದಲೇ ಕಳುಹಿಸಿದ್ದರು. ಓದಿದೆ. ಅಧ್ಯಾಪಕರು ವರ್ಷ, ತಾರೀಕು ಎಲ್ಲವನ್ನೂ ಸರಿಯಾಗಿ ಕೊಟ್ಟಿದ್ದಾರೆ. ಅನ್ಯಾಯವಾಗಿತ್ತು ಎಂಬುದನ್ನೂ ಸಾಬೀತು ಮಾಡಿದ್ದಾರೆ. ಅನ್ಯಾಯವಾಗಿರಲಿಲ್ಲ ಎಂದು ಹೇಳಿದವರು ಯಾರು? ಬಂದೂಕಿನಿಂದ ಆ ಅನ್ಯಾಯ ಎಷ್ಟು ಕಡಿಮೆಯಾಯಿತು ಎಂಬುದು ನನ್ನ ಪ್ರಶ್ನೆ. ಅದರ ಬಗ್ಗೆ ಅವರ ಲೇಖನದಲ್ಲಿ ಒಂದು ಸಾಲೂ ಇಲ್ಲ. ‘ಉಳಿದ ದಾರಿ ಯಾವುದು’ ಎಂದು ಕೇಳುತ್ತಾರೆ. ಅಂದರೆ ಪೊಲೀಸರು ನನ್ನ ಕಕ್ಷಿದಾರನನ್ನು ಹೊಡೆದರೆ ನಾನು ನಾಳೆ ಒಂದು ತೋಪು ಕೊಳ್ಳಬೇಕು ಎಂದಾಯಿತು.

ಲೆಕ್ಕ ಹಾಕೋಣ. ಸಂಘ ಹುಟ್ಟಿದ್ದು 1875ರಲ್ಲಿ. 1886ರ ಮೇ 3ರಂದು ಮೆಕಾರ್ಮಿಕ್ ಕಾರ್ಖಾನೆಯ ಗೇಟಿನ ಬಳಿ ಪೊಲೀಸರು ಮುಷ್ಕರ ನಿರತರ ಮೇಲೆ ಗುಂಡು ಹಾರಿಸಿದರು, ಜನ ಸತ್ತರು. ಹನ್ನೊಂದು ವರ್ಷ ಕವಾಯತು ಮಾಡಿದ ದಳ ಯಾವ ಕ್ಷಣಕ್ಕಾಗಿ ಹುಟ್ಟಿತ್ತೋ ಆ ಕ್ಷಣ ಅದು. ಅಲ್ಲಿ ನೀಲಿ ಅಂಗಿಯ ದಳ ಬರಲಿಲ್ಲ. ವನಭೋಜನಕ್ಕೆ ಕಾವಲು ನಿಂತರು ಎಂದು ಅಧ್ಯಾಪಕರೇ ಒಪ್ಪಿದ್ದಾರೆ. ಕಾವಲು ಬೇಕಾದದ್ದು ಗೇಟಿನಲ್ಲಿ.

ಆ ಬಂದೂಕುಗಳು ಕೆಲಸಕ್ಕೆ ಬಂದದ್ದು ಒಂದೇ ಕಡೆ, ಸರ್ಕಾರಿ ವಕೀಲರ ಮೇಜಿನ ಮೇಲೆ. ಮರುದಿನ ರಾತ್ರಿ ಹೇಮಾರ್ಕೆಟ್ ಚೌಕದಲ್ಲಿ ಬಾಂಬು ಸಿಡಿಯಿತು. ಎಸೆದವನು ಯಾರೆಂದು ಇವತ್ತಿಗೂ ಖಚಿತವಾಗಿಲ್ಲ. ಎಂಟು ಮಂದಿ ಕಾರ್ಮಿಕ ಹೋರಾಟಗಾರರ ಮೇಲೆ ಮೊಕದ್ದಮೆ ನಡೆಯಿತು. ಬಾಂಬಿಗೂ ಆರೋಪಿಗಳಿಗೂ ನಂಟು ತೋರಿಸಲು ಸಾಕ್ಷ್ಯ ಸಾಲದಾದಾಗ ಸರ್ಕಾರಿ ವಕೀಲರು ತೀರ್ಪುಗಾರರ ಮುಂದೆ ಇಟ್ಟದ್ದೇನು? ಸಶಸ್ತ್ರ ಗುಂಪುಗಳು, ರಾತ್ರಿ ಕವಾಯತುಗಳು, ಗ್ರೈಫ್ ಸಭಾಂಗಣದ ನೆಲಮಾಳಿಗೆಯ ಗುಪ್ತ ಸಭೆ. ಆ ಸಭೆಯ ಅಧ್ಯಕ್ಷತೆ ವಹಿಸಿದ್ದ ಗಾಟ್‌ಫ್ರೀಡ್ ವಾಲರ್ ಇದೇ ಸಂಘದವನು. ಸರ್ಕಾರಿ ಸಾಕ್ಷಿಯಾಗಿ ಕಟಕಟೆ ಹತ್ತಿದವನೂ ಅವನೇ. 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಿದರು. ವಕೀಲನಾಗಿ ಹೇಳುತ್ತೇನೆ, ದುರ್ಬಲ ಮೊಕದ್ದಮೆಗೆ ಇದಕ್ಕಿಂತ ಒಳ್ಳೆಯ ಊರುಗೋಲು ಯಾವ ಸರ್ಕಾರಕ್ಕೂ ಸಿಗುವುದಿಲ್ಲ.

ಇದನ್ನು ಮುಂಚೆಯೇ ಕಂಡವರೂ ಇದ್ದರು, ಬೇರೆ ಯಾರಲ್ಲ, ಅವರದ್ದೇ ಸಮಾಜವಾದಿ ಕಾರ್ಮಿಕ ಪಕ್ಷದ ರಾಷ್ಟ್ರೀಯ ಕಾರ್ಯಕಾರಿ ಸಮಿತಿ. 1878ರಲ್ಲೇ ಈ ಸಶಸ್ತ್ರ ಕೂಟಗಳಿಂದ ಹೊರಬನ್ನಿ ಎಂದು ಅದು ಸದಸ್ಯರಿಗೆ ಹೇಳಿತು. ಪಕ್ಷ ಒಡೆಯುವುದಕ್ಕೆ ಈ ಜಗಳವೂ ಒಂದು ಕಾರಣ. ಅಧ್ಯಾಪಕರು ಸಾಹುಕಾರರ ಹೆಸರೆತ್ತಿದರು, ಈ ಸಮಿತಿಯ ಹೆಸರನ್ನು ಎತ್ತಲಿಲ್ಲ.

ನನ್ನ ಹಟಕ್ಕೆ ಪುಸ್ತಕ ಕಾರಣವಲ್ಲ. ನಮ್ಮ ಊರಿನಲ್ಲಿ, ನಾನು ಪ್ರೌಢಶಾಲೆಯಲ್ಲಿದ್ದಾಗ, ತೋಟದ ಪಂಪ್‌ಸೆಟ್ಟುಗಳ ತಾಮ್ರದ ತಂತಿ ಕಳುವಾಗತೊಡಗಿತು. ಠಾಣೆ ಹದಿನಾರು ಮೈಲಿ ದೂರ. ದೂರು ಕೊಟ್ಟರೆ ಬರೆದುಕೊಂಡು ಕಳುಹಿಸುತ್ತಿದ್ದರು. ಊರವರು ಸೇರಿ ಕಾವಲು ದಳ ಮಾಡಿದರು. ಮನೆಗೊಬ್ಬ ಹುಡುಗ, ಕೈಗೊಂದು ಬಿದಿರಿನ ದೊಣ್ಣೆ, ಟಾರ್ಚು, ಕೆಂಪು ದಾರದ ಸೀಟಿ. ನಮ್ಮ ದೊಡ್ಡಪ್ಪನ ಮಗನೂ ಅದರಲ್ಲಿದ್ದ. ಒಂದೆರಡು ತಿಂಗಳಲ್ಲಿ ಕಳವು ನಿಂತೇಹೋಯಿತು, ಒಳ್ಳೆಯದೇ ಆಯಿತು.

ದಳ ನಿಲ್ಲಲಿಲ್ಲ. ಹೋಂ ಗಾರ್ಡ್ ಆಗಿದ್ದವನೊಬ್ಬ ನಾಯಕನಾದ. ಗುಡಿಯ ಮುಂದಿನ ಬಯಲಿನಲ್ಲಿ ಸಂಜೆ ಸಾಲಾಗಿ ನಿಲ್ಲಿಸಿ ಎಡ, ಬಲ ಎಂದು ಹೆಜ್ಜೆ ಹಾಕಿಸುತ್ತಿದ್ದ. ಹುಡುಗರು ಖಾಕಿ ಚಡ್ಡಿ ಹೊಲಿಸಿಕೊಂಡರು. ನಮ್ಮಣ್ಣ ದೊಣ್ಣೆಗೆ ಹರಳೆಣ್ಣೆ ಸವರಿ, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ದೀಪದ ಬೆಳಕಿಗೆ ಹಿಡಿದು ಹೊಳಪು ನೋಡುತ್ತಿದ್ದ. ಓದಿಗೆ ಕೂರು ಎಂದು ದೊಡ್ಡಪ್ಪ ಬೈದರೆ, ಊರು ಕಾಯುವವರು ಯಾರು ಎಂದು ತಿರುಗಿ ಕೇಳುತ್ತಿದ್ದ. ಕಳ್ಳನೇ ಇಲ್ಲದ ಊರಿನಲ್ಲಿ ಕಾವಲಿನವನಿಗೆ ಏನು ಕೆಲಸ? ಮೊದಲು ತಡವಾಗಿ ಮನೆಗೆ ಬರುವವರನ್ನು ತಡೆದು ಕೇಳಿದರು. ಆಮೇಲೆ ಕೆಳಗಿನ ಕೇರಿಯವರನ್ನು ಮಾತ್ರ ತಡೆದು ಕೇಳಿದರು. ಒಂದು ರಾತ್ರಿ ಪಕ್ಕದ ಊರಿನ ದನದ ವ್ಯಾಪಾರಿಯೊಬ್ಬ ಹೆರಿಗೆಗೆ ಬಂದಿದ್ದ ತಂಗಿಯನ್ನು ನೋಡಲು ನಮ್ಮ ಏರಿಯ ಮೇಲೆ ಬರುತ್ತಿದ್ದ. ಸೀಟಿ ಊದಿದರಂತೆ, ಅವನು ಹೆದರಿ ಓಡಿದನಂತೆ. ಓಡಿದ್ದೇ ಸಾಕ್ಷಿಯಾಯಿತು. ಮುಂಗೈ ಎರಡು ಕಡೆ ಮುರಿಯಿತು. ಬೆಳಿಗ್ಗೆ ಪಂಚಾಯಿತಿಯ ಕಟ್ಟೆಯ ಮೇಲೆ ಅವನನ್ನು ಕೂರಿಸಿದ್ದನ್ನು ನೋಡಿದ್ದೇನೆ, ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದ. ರಾಜಿ ಮಾಡಿಸಿದರು. ಆಸ್ಪತ್ರೆಯ ಖರ್ಚಿನ ಅರ್ಧ ಊರಿನದು, ಇನ್ನರ್ಧ ಅವನದೇ. ಮುಂದಿನ ಪಂಚಾಯಿತಿ ಚುನಾವಣೆಯಲ್ಲಿ ಅದೇ ಹುಡುಗರು ಅದೇ ದೊಣ್ಣೆ ಹಿಡಿದು ಮತಗಟ್ಟೆಯ ಬಾಗಿಲಲ್ಲಿ ‘ಕಾವಲು’ ನಿಂತರು. ಕೆಳಗಿನ ಕೇರಿಯಿಂದ ಆ ಸಲ ಮತ ಹಾಕಲು ಬಂದವರು ಬೆರಳೆಣಿಕೆಯಷ್ಟು.

ಆ ದಳ ಕಟ್ಟಿದ್ದಕ್ಕೂ ನ್ಯಾಯವಾದ ಕಾರಣವೇ ಇತ್ತು, ಠಾಣೆ ನಿಜವಾಗಿಯೂ ದೂರವಿತ್ತು.

ಶಿಕಾಗೋದವರು ಹಾಗಲ್ಲ, ಅವರು ಬಡ ಕಾರ್ಮಿಕರು ಎಂದು ಅಧ್ಯಾಪಕರು ಹೇಳಬಹುದು. ಕಾನೂನು ಬರೆಯುವಾಗ ‘ಒಳ್ಳೆಯವರು ಕವಾಯತು ಮಾಡಬಹುದು, ಕೆಟ್ಟವರು ಕೂಡದು’ ಎಂದು ಬರೆಯಲು ಬರುವುದಿಲ್ಲ. ಪ್ರೆಸರ್ ಮೊಕದ್ದಮೆಯಲ್ಲಿ 1886ರ ಜನವರಿ 4ರಂದು ಅಮೆರಿಕದ ಸುಪ್ರೀಂ ಕೋರ್ಟಿನ ಪರವಾಗಿ ನ್ಯಾಯಮೂರ್ತಿ ವುಡ್ಸ್ ಬರೆದ ತೀರ್ಪಿನ ಸಾರ ಇದು: ಕಾನೂನಿನ ಅನುಮತಿ ಇಲ್ಲದೆ ಸೈನಿಕ ದಳ ಕಟ್ಟಿಕೊಂಡು ಆಯುಧದೊಂದಿಗೆ ಮೆರವಣಿಗೆ ಹೋಗುವುದು ಪೌರನಿಗೆ ಹುಟ್ಟಿನಿಂದ ಬಂದ ಹಕ್ಕಲ್ಲ, ರಾಜ್ಯ ಅದನ್ನು ತಡೆಯಬಹುದು. ಆಯುಧ ಇಟ್ಟುಕೊಳ್ಳುವ ಹಕ್ಕಿನ ಬಗೆಗಿನ ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿ ಕಟ್ಟಿಹಾಕುವುದು ಕೇಂದ್ರವನ್ನು ಮಾತ್ರ, ರಾಜ್ಯಗಳನ್ನಲ್ಲ ಎಂದು ಅದೇ ತೀರ್ಪು ಹೇಳಿದ ಮಾತನ್ನು 2010ರಲ್ಲಿ ಕೋರ್ಟು ಕೈಬಿಟ್ಟಿತು. ಆದರೆ ಖಾಸಗಿ ಸೈನ್ಯದ ಮಾತು ಉಳಿದಿದೆ. 2008ರಲ್ಲಿ ವ್ಯಕ್ತಿಗೆ ಬಂದೂಕು ಇಟ್ಟುಕೊಳ್ಳುವ ಹಕ್ಕಿದೆ ಎಂದು ಎತ್ತಿಹಿಡಿದ ತೀರ್ಪು ಕೂಡ ಈ ಭಾಗವನ್ನು ಒಪ್ಪಿಕೊಂಡೇ ಮುಂದೆ ಹೋಯಿತು. ಇವತ್ತು ಅಮೆರಿಕದಲ್ಲಿ ಜನಾಂಗ ದ್ವೇಷದ ಗುಂಪುಗಳು ರೈಫಲ್ ಹಿಡಿದು ಊರಿಗೆ ಇಳಿದಾಗ ಅವರನ್ನು ತಡೆಯಲು ವಕೀಲರು ಹುಡುಕುವುದು ಪ್ರೆಸರ್ ಮೊಕದ್ದಮೆಯನ್ನೇ. ನಮ್ಮ ಸಂವಿಧಾನದ 19ನೇ ವಿಧಿಯೂ ಸಭೆ ಸೇರುವ ಹಕ್ಕನ್ನು ಕೊಡುವಾಗ ಶಾಂತಿಯುತವಾಗಿ, ಆಯುಧಗಳಿಲ್ಲದೆ ಎಂಬ ಎರಡು ಷರತ್ತನ್ನು ಹಾಕಿಯೇ ಕೊಟ್ಟಿದೆ. ಬೆಂಗಳೂರು ದಂಡಿನ ಸ್ವಯಂಸೇವಕರ ಕತೆ ಇಲ್ಲಿಗೆ ಏಕೆ ಬಂತೋ ತಿಳಿಯಲಿಲ್ಲ. ಕಾಂಗ್ರೆಸ್ಸಿನವರು ಸರ್ಕಾರದ ಪಡೆಗೆ ಸೇರಿಸಿಕೊಳ್ಳಿ ಎಂದರು, ಮನೆಯಲ್ಲೊಂದು ಪಡೆ ಕಟ್ಟುತ್ತೇವೆ ಎನ್ನಲಿಲ್ಲ.

ಇನ್ನು ಸಭಾಂಗಣದ ಮೇಲಿನ ದಾಳಿ. ಅಧ್ಯಾಪಕರು ಆ ಕತೆಯನ್ನು ಗುಂಡಿನ ಸದ್ದಿಗೆ ನಿಲ್ಲಿಸಿದರು, ಅದು ಅಲ್ಲಿಗೆ ಮುಗಿಯಲಿಲ್ಲ. ಆ ಪೀಠೋಪಕರಣ ಕಾರ್ಮಿಕರು ಪೊಲೀಸರ ಮೇಲೆ ದಾವೆ ಹೂಡಿದರು. 1879ರಲ್ಲಿ ನ್ಯಾಯಾಧೀಶ ಮೆಕ್‌ಆಲಿಸ್ಟರ್ ಸಭೆ ಸೇರುವ ಹಕ್ಕು ಕಾರ್ಮಿಕರದ್ದು, ತಪ್ಪು ಪೊಲೀಸರದ್ದು ಎಂದು ತೀರ್ಪು ಕೊಟ್ಟರು. ಒಂದು ಬಂದೂಕೂ ಇಲ್ಲದೆ, ಒಂದು ಅರ್ಜಿ ಮತ್ತು ಕೆಲವು ಸಾಕ್ಷಿಗಳಿಂದ ಗೆದ್ದ ಮೊಕದ್ದಮೆ. ಸ್ಟೌಬರ್ ಅವರೂ ಕದ್ದ ಸ್ಥಾನವನ್ನು ಸುಮಾರು ಒಂದು ವರ್ಷದ ಮೇಲೆ ನ್ಯಾಯಾಲಯದ ಮೂಲಕವೇ ಮರಳಿ ಪಡೆದರು. ಒಂದು ವರ್ಷ ತಡವಾಯಿತು ಎನ್ನುವವರು ನಮ್ಮ ತಾಲ್ಲೂಕು ನ್ಯಾಯಾಲಯದ ಜಗುಲಿಗೆ ಒಮ್ಮೆ ಬಂದು, ಗಡಿಕಲ್ಲಿನ ದಾವೆಗೆ ಬಂದ ರೈತರನ್ನು ಮಾತನಾಡಿಸಿ ಹೋಗಲಿ.