ಭವಿಷ್ಯಕ್ಕೆ ಸರ್ವರ್ ಇಲ್ಲ

ನಮ್ಮ ಹಾಸನ ಜಿಲ್ಲೆಗೆ ಭವಿಷ್ಯದ ಬರ ಯಾವತ್ತೂ ಇಲ್ಲ. ಅರಸೀಕೆರೆ ಕಡೆಯ ಮಠದಿಂದ ಒಂದು ಮಾತು ಹೊರಟರೆ ಸಾಕು, ಟಿವಿಯವರು ರಾತ್ರಿ ತನಕ ಅದನ್ನೇ ರುಬ್ಬುತ್ತಾರೆ. ಮಳೆ ಎಷ್ಟು, ಸರ್ಕಾರ ಎಷ್ಟು ದಿನ, ಎಲ್ಲ ಅಲ್ಲೇ ಇತ್ಯರ್ಥ. ಆದರೆ ಈ ತಿಂಗಳು ರೇಷನ್ ಅಂಗಡಿಗೆ ಸರ್ವರ್ ಬರುತ್ತಾ ಇಲ್ವಾ ಅಂತ ಇವತ್ತಿನವರೆಗೆ ಯಾರೂ ಹೇಳಿದ್ದಿಲ್ಲ.

ಮೊನ್ನೆ ಬೆಳಗ್ಗೆ 7ಕ್ಕೇ ಹೋಗಿ ಕ್ಯೂ ನಿಂತೆ. ನನಗಿಂತ ಮುಂದೆ ಹನ್ನೊಂದು ಚೀಲ, ಎರಡು ಕಲ್ಲು, ಒಂದು ಹಳೇ ಚಪ್ಪಲಿ. ಅವೂ ಕ್ಯೂನಲ್ಲಿರುವವೇ, ಅವುಗಳ ಮಾಲೀಕರು ಕಾಫಿಗೆ ಹೋಗಿದ್ದರು. ಮನುಷ್ಯರೂಪದಲ್ಲಿ ನಿಂತಿದ್ದವರಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು, ಇನ್ನೊಬ್ಬರು ಒಬ್ಬ ಅಜ್ಜಿ. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ನಲವತ್ತು ವರ್ಷ ದುಡಿದು ಈಗ ಇಲ್ಲಿ ಮಗಳ ಮನೆ ಸೇರಿದವರು.

"ಸರ್ವರ್ ಇಲ್ಲ" ಅಂದ ಅಂಗಡಿಯವನು. ಕ್ಯೂ ಅಲ್ಲೇ ವಿಚಾರ ಸಂಕಿರಣವಾಯಿತು.

ಮೇಷ್ಟ್ರಿಗೆ ವಿಜ್ಞಾನ ಕಥೆಗಳ ಹುಚ್ಚು. ಮನುಷ್ಯಕುಲ ಎತ್ತ ಹೊರಟಿದೆ ಅಂತ ತಿಳಿಯಬೇಕಾದರೆ ಪಂಚಾಂಗ ನೋಡಬೇಡಿ, ಈ ಕಥೆಗಳನ್ನು ಓದಿ ಅನ್ನುವುದು ಅವರ ವಾದ. ಫ್ರಾನ್ಸಿನ ಜೂಲ್ಸ್ ವರ್ನ್ 1865ರಲ್ಲೇ ಚಂದ್ರನತ್ತ ಹೊರಟವರ ಕಥೆ ಬರೆದ. ಹೊರಟವರು ಮೂವರು, ಹೊರಟ ಜಾಗ ಅಮೆರಿಕದ ಫ್ಲಾರಿಡಾ. ಮುಂದಿನ ಭಾಗದಲ್ಲಿ ವಾಪಸು ಬಂದು ಬೀಳುವುದು ಪೆಸಿಫಿಕ್ ಸಾಗರಕ್ಕೆ. 1969ರಲ್ಲಿ ಅಪೊಲೊ 11ರಲ್ಲಿ ಹೋದವರೂ ಮೂವರೇ, ಫ್ಲಾರಿಡಾದಿಂದಲೇ, ಇಳಿದದ್ದೂ ಅದೇ ಸಾಗರಕ್ಕೆ. ಇಡೀ ಕ್ಯೂ ತಲೆದೂಗಿತು.

ನಾನೂ ತಲೆದೂಗಿದೆ. ಆದರೆ ವರ್ನ್ ಅವರನ್ನು ಕಳಿಸಿದ್ದು ರಾಕೆಟ್ಟಿನಲ್ಲಲ್ಲ, 900 ಅಡಿ ಉದ್ದದ ಫಿರಂಗಿಯಲ್ಲಿ. ನಿಜವಾಗಿ ಹಾಗೆ ಹಾರಿಸಿದ್ದರೆ ಫಿರಂಗಿಯ ಬಾಯಿ ದಾಟುವ ಮೊದಲೇ ಮೂವರೂ ಅಕ್ಕಿರೊಟ್ಟಿ. ಇದನ್ನು ಹೇಳಿದರೆ ಮೇಷ್ಟ್ರು "ಅದೆಲ್ಲ ವಿವರ ಬಿಡ್ರೀ" ಅಂದರು. ಜ್ಯೋತಿಷಿಗಳ ಲೆಕ್ಕವೂ ಇದೇ ಅಲ್ವಾ? ತಾಗಿದ್ದು ಭವಿಷ್ಯ, ತಪ್ಪಿದ್ದು ವಿವರ.

ಎಚ್.ಜಿ. ವೆಲ್ಸ್ ವಿಷಯಕ್ಕೆ ಮಾತ್ರ ನಾನು ತಕರಾರು ಎತ್ತಲಿಲ್ಲ. ಅಣುಬಾಂಬ್ ಅನ್ನುವ ಮಾತನ್ನು ಅವನು 1914ರ ಕಾದಂಬರಿಯಲ್ಲೇ ಬಳಸಿದ. ಲಿಯೊ ಸಿಲಾರ್ಡ್ ಅನ್ನುವ ವಿಜ್ಞಾನಿ ಅದನ್ನು 1932ರಲ್ಲಿ ಓದಿದ. ಮರುವರ್ಷ ಸರಪಳಿ ಕ್ರಿಯೆಯ, ಅಂದರೆ ಒಂದು ಪರಮಾಣು ಒಡೆದರೆ ಅದರಿಂದ ಮುಂದಿನವೂ ಒಡೆಯುತ್ತಾ ಹೋಗುವ ಯೋಚನೆ ಹೊಳೆದಾಗ, ಇದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಅವನಿಗೆ ಗೊತ್ತಿತ್ತಂತೆ. ಯಾಕೆಂದರೆ ವೆಲ್ಸ್‌ನನ್ನು ಓದಿದ್ದ. ಗೊತ್ತಿದ್ದೂ ಏನಾಯಿತು? 1945ರ ಹಿರೋಷಿಮಾ ಬಂದೇ ಬಂತು.

ಅದೇ 1945ರಲ್ಲಿ ಇನ್ನೊಬ್ಬ ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಒಂದು ರೇಡಿಯೊ ಪತ್ರಿಕೆಗೆ ಲೇಖನ ಬರೆದ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಮೂರು ಉಪಗ್ರಹ ನಿಲ್ಲಿಸಿದರೆ ಜಗತ್ತಿಗೆಲ್ಲ ಸುದ್ದಿ ಮುಟ್ಟಿಸಬಹುದು ಅಂತ. (ಅದರೊಳಗೆ ಜನ ವಾಸ ಮಾಡುತ್ತಾರೆ ಅಂತಲೂ ಅಂದುಕೊಂಡಿದ್ದ. ಅದು ವಿವರ.) ಈಗ ಮೇಷ್ಟ್ರ ದನಿ ಏರಿತು. "ಅಂಥ ಉಪಗ್ರಹಗಳನ್ನ ಕಾಯೋದು ಎಲ್ಲಿಂದ ಹೇಳಿ? ನಮ್ಮ ಸಾಲಗಾಮೆ ರಸ್ತೆಯಿಂದ! ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಿಂದ!"

"ಅವೂ ಬೆಟ್ಟು ಒತ್ತಿಸ್ಕೋತವಾ ಮೇಷ್ಟ್ರೆ?" ಅಂತ ಕೇಳಿದರು ಅಜ್ಜಿ.

ಅವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. 36,000 ಕಿಲೋಮೀಟರ್ ಮೇಲಿರುವ ಯಂತ್ರ ಹಾಸನದ ಮಾತು ಕೇಳುತ್ತೆ. ಅಕ್ಕಿ ಮೂಟೆ ಪಕ್ಕದ ಮೆಷಿನ್ ಕೇಳುವುದಿಲ್ಲ.

ಅಷ್ಟರಲ್ಲಿ ಸರ್ವರ್ ಬಂತು. ಚಪ್ಪಲಿ, ಕಲ್ಲುಗಳೆಲ್ಲ ಮನುಷ್ಯರಾದವು. ಅಜ್ಜಿಯ ಸರದಿ ಬಂದಾಗ ಹೆಬ್ಬೆಟ್ಟು ಒತ್ತಿದರು. ಆಗಲಿಲ್ಲ. ಸೆರಗಿನಲ್ಲಿ ಒರೆಸಿ ಒತ್ತಿದರು. ತಲೆಗೂದಲಿಗೆ ಉಜ್ಜಿ, ಎಣ್ಣೆ ಸೋಕಿಸಿ ಒತ್ತಿದರು. ಬಲಗೈ ಮುಗಿಯಿತು, ಎಡಗೈ ಶುರುವಾಯಿತು. ಕಾಫಿ ಹಣ್ಣು ಬಿಡಿಸಿ ಬಿಡಿಸಿ ಬೆರಳ ಗೆರೆಗಳೆಲ್ಲ ನುಣ್ಣಗಾಗಿವೆ.

"ಬಂದಿರೋದು ನಾನೇ ಅಂತ ನಾನೇ ಹೇಳ್ತಿದೀನಲ್ಲಪ್ಪ."

"ನೀವು ಹೇಳಿದ್ರೆ ಆಗಲ್ಲಜ್ಜಿ. ಬೆಟ್ಟು ಹೇಳ್ಬೇಕು."

ಯಂತ್ರಗಳು ಮನುಷ್ಯರ ಮೇಲೆ ತಿರುಗಿ ಬೀಳುತ್ತವೆ ಅಂತ ಕಥೆಗಾರರು ನೂರು ವರ್ಷದಿಂದ ಹೆದರಿಸುತ್ತಿದ್ದಾರೆ. ರೋಬೋಟ್ ಅನ್ನುವ ಪದ ಕೊಟ್ಟ ಕಾರೆಲ್ ಚಾಪೆಕ್‌ನ 1920ರ ನಾಟಕದಲ್ಲಿ ಅವು ದಂಗೆ ಎದ್ದು ಮನುಷ್ಯರನ್ನೇ ಮುಗಿಸಿಬಿಡುತ್ತವೆ. ನಮ್ಮ ಮೆಷಿನ್ ಅಷ್ಟೆಲ್ಲ ಕಷ್ಟಪಡುವುದಿಲ್ಲ. ಸುಮ್ನೆ, ನೀವು ಯಾರೋ ಗೊತ್ತಾಗಲಿಲ್ಲ ಅನ್ನುತ್ತೆ.

ತಮಾಷೆ ಅಂದರೆ ಅಜ್ಜಿ ಹೆಬ್ಬೆಟ್ಟು ಬಿಟ್ಟು ಮೂವತ್ತು ವರ್ಷವಾಗಿತ್ತು. ಸಾಕ್ಷರತಾ ಆಂದೋಲನದ ಕಾಲದಲ್ಲಿ ಲಾಟೀನು ಹಚ್ಚಿಕೊಂಡು ಅಕ್ಷರ ಕಲಿತವರು. ಹೆಬ್ಬೆಟ್ಟು ಅಂದರೆ ಆಗ ಬೈಗುಳ. ಸಹಿ ಹಾಕಲು ಬಂದ ದಿನ ತೋಟದ ಲೈನ್‌ಮನೆಗಳಿಗೆಲ್ಲ ಹೋಗಿ ತೋರಿಸಿದ್ದರಂತೆ. ಈಗ ಡಬಲ್ ಡಿಗ್ರಿಯವರೂ ಕ್ಯೂನಲ್ಲಿ ನಿಂತು ಹೆಬ್ಬೆಟ್ಟು ಒತ್ತುತ್ತಾರೆ. ಇಂಥ ಪ್ರಗತಿಯನ್ನು ವರ್ನ್ ಊಹಿಸಲಿಲ್ಲ, ವೆಲ್ಸ್ ಊಹಿಸಲಿಲ್ಲ.

ನನ್ನನ್ನು ಕೇಳಿದರೆ ಇವರೆಲ್ಲರಿಗಿಂತ ಹತ್ತಿರ ಬಂದವನು ಇ.ಎಂ. ಫಾರ್ಸ್ಟರ್. 1909ರ ಅವನ ಕಥೆಯಲ್ಲಿ ಜನರೆಲ್ಲ ನೆಲದಡಿ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರೇ ಇರುತ್ತಾರೆ. ಊಟ, ಹಾಡು, ಮುಖ ನೋಡಿ ಮಾತಾಡುವುದು, ಎಲ್ಲ ಒಂದು ಮಹಾಯಂತ್ರದ ಕೃಪೆ. ಯಂತ್ರ ಕೆಡತೊಡಗುತ್ತೆ. ಜನ ದೂರು ಕೊಡುತ್ತಾರೆ, ಆಮೇಲೆ ಕೆಟ್ಟದ್ದಕ್ಕೇ ಒಗ್ಗಿಕೊಳ್ಳುತ್ತಾರೆ. ಕೊನೆಗೆ ರಿಪೇರಿ ಸಮಿತಿಯವರು ಬಹಳ ವಿನಯದಿಂದ ಒಪ್ಪಿಕೊಳ್ಳುತ್ತಾರೆ: ರಿಪೇರಿ ಮಾಡುವ ಯಂತ್ರವೇ ರಿಪೇರಿಗೆ ಬಂದಿದೆ. ಇದನ್ನು ಬರೆದವನು ನಮ್ಮ ಯಾವುದಾದರೂ ಸಹಾಯವಾಣಿಗೆ ಫೋನ್ ಮಾಡಿಯೇ ಇರಬೇಕು.

ಮೇಷ್ಟ್ರು ಅಜ್ಜಿಯನ್ನು ಪಕ್ಕಕ್ಕೆ ನಿಲ್ಲಿಸಿ ತಾವು ಹೆಬ್ಬೆಟ್ಟು ಕೊಟ್ಟರು. ಅದೂ ಆಗಲಿಲ್ಲ. ಸೀಮೆಸುಣ್ಣ ಹಿಡಿದ ಕೈ. ಎರಡನೇ ಸಲ ಒತ್ತುವಷ್ಟರಲ್ಲಿ ಸರ್ವರ್ ಹೋಯಿತು. ಅಂಗಡಿಯವನು ಷಟರ್ ಅರ್ಧ ಎಳೆದು ಒಂದು ಸ್ಲೇಟು ನೇತುಹಾಕಿದ.

"ಏನು ಬರೆದಿದಾನೆ ನೋಡಿ, ಕನ್ನಡಕ ತಂದಿಲ್ಲ" ಅಂದರು ಮೇಷ್ಟ್ರು.

ಅಜ್ಜಿ ಹತ್ತಿರ ಹೋಗಿ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದರು. "ಸ...ರ್ವ...ರ್ ಇಲ್ಲ. ನಾ...ಳೆ ಬನ್ನಿ." ಓದಿ ನಕ್ಕುಬಿಟ್ಟರು. "ಅಕ್ಷರ ಕಲಿತ ವರ್ಷವೇ ಬಾಗ್ಲು ಬಾಗ್ಲಿಗೂ 'ನಾಳೆ ಬಾ' ಅಂತ ಬರ್ದಿದ್ದೆ ಕಣಪ್ಪ. ಆಗ ದೆವ್ವ ಓದ್ಕೊಂಡು ವಾಪಸ್ ಹೋಗ್ತಿತ್ತು."

ಖಾಲಿ ಚೀಲ ಮಡಚಿ ಕಂಕುಳಿಗೆ ಸೇರಿಸಿ ಮಗಳ ಮನೆ ಕಡೆ ಹೊರಟರು.