ನೀಲಿ ಟೈಲ್ಸ್‌ನಲ್ಲಿ ಉಳಿದ ದೋಣಿಗಳು

ಪೋರ್ಚುಗಲ್‌ನ ಪಿನ್ಯಾಂವ್ ರೈಲು ನಿಲ್ದಾಣದ ಬಗ್ಗೆ ನೀವು ಬರೆದ ಲೇಖನ ಓದಿ ತುಂಬಾ ಖುಷಿಯಾಯಿತು. ಆದರೆ ಗೋಡೆಯ ನೀಲಿ ಟೈಲ್ಸ್ ಬರೀ ಅಲಂಕಾರ ಅಂದಿದ್ದೀರಲ್ಲ, ಅದನ್ನು ಒಪ್ಪಲಾರೆ. 1937ರ ಆ ಚಿತ್ರಗಳಲ್ಲಿ ದ್ರಾಕ್ಷಿ ಸುಗ್ಗಿಯಿದೆ, ದುಡಿಯುವ ಜನರಿದ್ದಾರೆ, ಪೀಪಾಯಿ ಹೊತ್ತ ‘ರಬೆಲು’ ಎಂಬ ದೋಣಿಗಳಿವೆ. ಡೌರೊ ನದಿಯಲ್ಲಿ ಪೋರ್ಟ್ ವೈನ್ ಸಾಗಿಸುತ್ತಿದ್ದದ್ದು ಅವೇ. 1880ರಲ್ಲಿ ಪಿನ್ಯಾಂವ್‌ಗೆ ರೈಲು ಬಂತು. ಆಮೇಲೆ ದೋಣಿಗಳ ಕೆಲಸ ನಿಧಾನವಾಗಿ ಕಡಿಮೆಯಾಯಿತು. ಈಗ ಅದೇ ರೈಲಿನ ನಿಲ್ದಾಣದ ಗೋಡೆ ಮೇಲೆ ಅವು ಉಳಿದಿವೆ. ನನಗೆ ಜಾಸ್ತಿ ಮನಸ್ಸಿಗೆ ತಟ್ಟುವುದು ಇದೇ. ಹೋಗುವವರು ಪೋರ್ತೊ ನಗರದಿಂದ ರೈಲಲ್ಲೇ ಹೋಗಿ, ಸುಮಾರು ಎರಡೂವರೆ ಗಂಟೆ ದಾರಿ. ಬಲಗಡೆ ಕಿಟಕಿ ಹಿಡಿಯಿರಿ, ನದಿ ಆ ಕಡೆಗೇ ಕಾಣುತ್ತದೆ.