ಸತ್ಯಾಂಶ: ನೈಸರ್ಗಿಕ ಆಂಟಿಬಯೋಟಿಕ್ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಯೇ?

'ಪ್ರಕೃತಿಯಲ್ಲೇ ಸಿಗುವ ಆಂಟಿಬಯೋಟಿಕ್ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ, ಎಷ್ಟು ತಗೊಂಡರೂ ತೊಂದರೆ ಇಲ್ಲ' ಅನ್ನುವ ಮೆಸೇಜ್ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ರಾಪಮೈಸಿನ್ ನೋಡಿ. 1964ರಲ್ಲಿ ಈಸ್ಟರ್ ದ್ವೀಪದಿಂದ ತಂದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾ ತಾನೇ ತಯಾರಿಸುವ ವಸ್ತು ಇದು, ಇದಕ್ಕಿಂತ ನೈಸರ್ಗಿಕ ಇನ್ನೇನು ಬೇಕು ಅಲ್ವಾ? ಮೊದಲು ಇದನ್ನು ಫಂಗಸ್ ಕೊಲ್ಲುವ ಔಷಧಿ ಅಂತಲೇ ಗುರುತಿಸಿದ್ದರು. ಆದರೆ ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳ ಒಳಗೆ ಎಂಟಾರ್ ಎಂಬ ಪ್ರೋಟೀನ್ ಇದೆ, ಅದರ ಕೆಲಸವನ್ನು ಇದು ತಡೆಯುತ್ತದೆ, ಹಾಗಾಗಿ ಎಚ್ಚರದ ಸೂಚನೆ ಬಂದರೂ ಆ ಕೋಶಗಳು ಬೇಕಾದಷ್ಟು ಹೆಚ್ಚಾಗುವುದಿಲ್ಲ. ಅಂದರೆ ರೋಗನಿರೋಧಕ ಶಕ್ತಿ ತಗ್ಗುತ್ತದೆ! ಕಿಡ್ನಿ ಕಸಿ ಆದವರಿಗೆ ಬೇಕಾಗಿದ್ದೂ ಅದೇ, ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸಬಾರದಲ್ಲ. ಅಮೆರಿಕದಲ್ಲಿ 1999ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಕೊಡುವಾಗಲೂ ರಕ್ತದಲ್ಲಿ ಎಷ್ಟಿದೆ ಅಂತ ಆಗಾಗ ಪರೀಕ್ಷಿಸುತ್ತಾರೆ, ಜಾಸ್ತಿಯಾದರೆ ಸೋಂಕು ಸುಲಭವಾಗಿ ತಗಲುತ್ತದೆ.